ಅದ್ವೈತವೂ ಆಧುನಿಕ ಜೀವನವೂ

ಕೇರಳದ ಪೂರ್ವದ ಬೆಟ್ಟಗಳಲ್ಲಿ ಹುಟ್ಟಿ ಪಶ್ಚಿಮ ಸಮುದ್ರದ ಕಡೆಗೆ ಹರಿಯುವ ಪೆರಿಯಾರ್ ನದಿಯ ದಡದಲ್ಲಿ ಎರಡು ಊರುಗಳಿವೆ. ಒಂದು ಕಾಲಡಿ. ಅದ್ವೈತ ದರ್ಶನವನ್ನು ತರ್ಕದ ಭದ್ರವಾದ ತಳಹದಿಯ ಮೇಲೆ ನಿಲ್ಲಿಸಿದ ಶಂಕರಾಚಾರ್ಯರು ಜನಿಸಿದ ಊರು ಅದು. ಅದೇ ನದಿಯ ಕೆಳಹರಿವಿನಲ್ಲಿ, ಅಲ್ಲಿಂದ ಬಹುದೂರವೇನೂ ಅಲ್ಲದ ಎಡೆಯಲ್ಲಿ, ಆಲುವಾ ಎಂಬ ಪಟ್ಟಣವಿದೆ. ಅಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಾರಾಯಣ ಗುರುಗಳು ಒಂದು ಆಶ್ರಮವನ್ನು ಸ್ಥಾಪಿಸಿ ಅದಕ್ಕೆ ‘ಅದ್ವೈತಾಶ್ರಮ’ವೆಂದು ಹೆಸರಿಟ್ಟರು. ಶಂಕರರು ಎಂಟನೆಯ ಶತಮಾನದವರೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಕಾಲಡಿಯ ನೀರು ಆಲುವಾವನ್ನು ಕೆಲವೇ ಗಳಿಗೆಗಳಲ್ಲಿ ಮುಟ್ಟುತ್ತದೆ. ಆದರೆ ಕಾಲಡಿಯ ತತ್ತ್ವವು ಆಲುವಾವನ್ನು ಮುಟ್ಟಲು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಹೀಗೇಕಾಯಿತು ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ, ಅದ್ವೈತಕ್ಕೂ ಇಂದಿನ ಬಾಳಿಗೂ ಇರುವ ಸಂಬಂಧವು ತಾನಾಗಿಯೇ ತಿಳಿಯಾಗುತ್ತದೆ.

‘ದ್ವೈತ’ವೆಂದರೆ ಎರಡಾಗಿರುವುದು, ‘ಅದ್ವೈತ’ವೆಂದರೆ ಎರಡಿಲ್ಲದಿರುವುದು. ಈ ದರ್ಶನದ ಬೇರುಗಳು ಉಪನಿಷತ್ತುಗಳಲ್ಲಿವೆ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕನೆಂಬ ತಂದೆಯು ಶ್ವೇತಕೇತುವೆಂಬ ಮಗನಿಗೆ ಬೋಧಿಸುವ ಸೊಗಸಾದ ಪ್ರಸಂಗವೊಂದಿದೆ. ಹನ್ನೆರಡು ವರ್ಷ ಗುರುಕುಲದಲ್ಲಿ ಓದಿ ಬಂದ ಮಗನಿಗೆ ವಿದ್ಯೆಯ ಜೊತೆಗೆ ಗರ್ವವೂ ಬಂದಿತ್ತು. ತಂದೆಯು ಒಂದು ರಾತ್ರಿ ಅವನಿಂದ ನೀರಿನಲ್ಲಿ ಉಪ್ಪನ್ನು ಹಾಕಿಸಿದನು. ಬೆಳಗಾದ ಮೇಲೆ ಆ ಉಪ್ಪನ್ನು ತೆಗೆದುಕೊಡುವಂತೆ ಕೇಳಿದನು. ಮಗನು ಎಷ್ಟು ಹುಡುಕಿದರೂ ಉಪ್ಪು ಕೈಗೆ ಸಿಕ್ಕಲಿಲ್ಲ. ಆಗ ನೀರನ್ನು ಮೇಲಿನಿಂದ, ನಡುವಿನಿಂದ, ತಳದಿಂದ ರುಚಿನೋಡುವಂತೆ ತಂದೆಯು ಹೇಳಿದನು. ಎಲ್ಲೆಡೆಯೂ ಉಪ್ಪಿನ ರುಚಿಯೇ! ಕಣ್ಣಿಗೆ ಕಾಣದ ಒಂದೇ ಸತ್ತ್ವವು ಹೀಗೆಯೇ ಜಗತ್ತೆಲ್ಲವನ್ನೂ ವ್ಯಾಪಿಸಿದೆಯೆಂದೂ, ಶ್ವೇತಕೇತುವಿನ ನಿಜಸ್ವರೂಪವೂ ಅದೇ ಎಂದೂ ಉದ್ದಾಲಕನು ತಿಳಿಸಿಕೊಟ್ಟನು. ಓದಿನ ಗರ್ವದಿಂದ ತಾನು ಇತರರಿಗಿಂತ ಬೇರೆ, ಇತರರಿಗಿಂತ ಮೇಲು ಎಂದು ಭಾವಿಸಿದ್ದ ತರುಣನಿಗೆ ಈ ಪಾಠವನ್ನು ಹೇಳಿದುದು ಅರ್ಥಪೂರ್ಣವಾಗಿದೆ.

ಒಂದೇ ಸತ್ಯವಿರುವುದಾದರೆ ನಮಗೆ ಅನೇಕವು ಕಾಣುವುದೇಕೆ? ಇದಕ್ಕೆ ಶಂಕರರು ಬ್ರಹ್ಮಸೂತ್ರಭಾಷ್ಯದ ಪೀಠಿಕೆಯಲ್ಲಿಯೇ ಉತ್ತರವನ್ನು ಕೊಟ್ಟಿದ್ದಾರೆ. ಒಂದರ ಧರ್ಮವನ್ನು ಇನ್ನೊಂದರ ಮೇಲೆ ಹೇರಿ ನೋಡುವುದು ಮನುಷ್ಯನ ಸ್ವಭಾವ. ಇದನ್ನು ಅವರು ‘ಅಧ್ಯಾಸ’ವೆಂದು ಕರೆದರು. ಮುಸ್ಸಂಜೆಯ ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ತಿಳಿದು ಬೆಚ್ಚುವವನಂತೆ, ದೇಹದ ಗುಣಗಳನ್ನು ಆತ್ಮದ ಮೇಲೆ ಹೇರಿಕೊಂಡು ‘ನಾನು ದಪ್ಪ’, ‘ನಾನು ಕುಂಟ’ ಎಂದು ಮನುಷ್ಯನು ವ್ಯವಹರಿಸುತ್ತಾನೆ. ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದುಂಟು. ಹೀಗೆ ಆತ್ಮದ ಮೇಲೆ ಹೇರಲ್ಪಟ್ಟವುಗಳನ್ನು ಹೇಳುವಾಗ ಶಂಕರರು ವಯಸ್ಸು, ಅವಸ್ಥೆ, ಆಶ್ರಮಗಳ ಜೊತೆಗೆ ವರ್ಣವನ್ನೂ ಸೇರಿಸಿದ್ದಾರೆ. ಎಂದರೆ, ಹುಟ್ಟಿನ ಹಿರಿಮೆ ಕಿರಿಮೆಗಳು ಮನುಷ್ಯನ ನಿಜಸ್ವರೂಪಕ್ಕೆ ಸೇರಿದವುಗಳಲ್ಲ. ಅವು ಮೇಲಿನಿಂದ ಹೊದಿಸಿದ ಹೊದಿಕೆಗಳು ಮಾತ್ರ.

‘ಜಗತ್ತು ಮಿಥ್ಯೆ’ ಎಂಬ ಮಾತಿನಷ್ಟು ತಪ್ಪು ತಿಳಿವಳಿಕೆಗೆ ಗುರಿಯಾದ ಮಾತು ಇನ್ನೊಂದಿಲ್ಲವೆನ್ನಬಹುದು. ಮಿಥ್ಯೆಯೆಂದರೆ ಸುಳ್ಳು ಎಂದಷ್ಟೇ ತಿಳಿದು, ಅದ್ವೈತಿಯು ಹಸಿವು ಬಾಯಾರಿಕೆಗಳನ್ನೂ ಅಲ್ಲಗಳೆಯುತ್ತಾನೆಂದು ನಗುವವರಿದ್ದಾರೆ. ಒಂದು ಸಾಮಾನ್ಯ ಅನುಭವದಿಂದ ಇದನ್ನು ವಿವರಿಸಬಹುದು. ಪ್ರತಿದಿನವೂ ಸೂರ್ಯನು ಮೂಡುವುದನ್ನೂ ಮುಳುಗುವುದನ್ನೂ ಎಲ್ಲರೂ ಕಾಣುತ್ತಾರೆ. ತಿರುಗುತ್ತಿರುವುದು ಭೂಮಿಯೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಹಾಗೆಂದು ಸೂರ್ಯೋದಯವನ್ನು ಯಾರೂ ಬರಿಯ ಸುಳ್ಳೆನ್ನುವುದಿಲ್ಲ. ರೈತನು ಅದನ್ನು ನೋಡಿಯೇ ಹೊಲಕ್ಕೆ ಹೊರಡುತ್ತಾನೆ. ಕಾಣುವುದು ಮೊದಲಿನಂತೆಯೇ ಕಾಣುತ್ತಿರುತ್ತದೆ. ಅದರ ಅರ್ಥ ಮಾತ್ರ ಬದಲಾಗುತ್ತದೆ. ಹಾಗೆಯೇ ಜಗತ್ತು ವ್ಯವಹಾರದ ನೆಲೆಯಲ್ಲಿ ನಿಜವೇ ಸರಿ. ಪರಮಾರ್ಥದ ನೆಲೆಯಲ್ಲಿ ಅದು ಬ್ರಹ್ಮಕ್ಕಿಂತ ಬೇರೆಯಾದ ಸ್ವತಂತ್ರ ವಸ್ತುವಲ್ಲ. ಈ ಎರಡು ನೆಲೆಗಳ ವಿಂಗಡಣೆಯು ಅದ್ವೈತದ ಬಹು ದೊಡ್ಡ ಬಲ.

ಆದರೆ ಬಲವೆನಿಸಿದುದೇ ಬಳಸುವವರ ಕೈಯಲ್ಲಿ ದೌರ್ಬಲ್ಯವೂ ಆಗಬಹುದು. ಪರಮಾರ್ಥದಲ್ಲಿ ಎಲ್ಲರೂ ಒಂದೇ, ವ್ಯವಹಾರದಲ್ಲಿ ಮಾತ್ರ ಭೇದವಿರಲಿ ಎಂದು ವಾದಿಸುವುದು ಬಹು ಸುಲಭ. ಹೀಗೆ ವಾದಿಸಿದವರಿಗೆ ಏಕತೆಯು ಗ್ರಂಥದಲ್ಲಿ ಉಳಿಯಿತು; ಭೇದವು ಬೀದಿಯಲ್ಲಿ ಉಳಿಯಿತು. ಕಾಶಿಯ ಓಣಿಯೊಂದರಲ್ಲಿ ಶಂಕರರಿಗೆ ಚಂಡಾಲನೊಬ್ಬನು ಎದುರಾದನೆಂದೂ, ದೂರ ಸರಿಯೆಂದು ಹೇಳಿದಾಗ ಸರಿಯಬೇಕಾದುದು ದೇಹವೋ ಆತ್ಮವೋ ಎಂದು ಆತನು ಪ್ರಶ್ನಿಸಿದನೆಂದೂ, ಶಂಕರರು ಅವನಲ್ಲಿ ಗುರುವನ್ನು ಕಂಡು ತಲೆಬಾಗಿದರೆಂದೂ ಪರಂಪರೆಯು ಹೇಳುತ್ತದೆ. ‘ಮನೀಷಾ ಪಂಚಕ’ವೆಂಬ ಸ್ತೋತ್ರವು ಈ ಪ್ರಸಂಗಕ್ಕೆ ಸಂಬಂಧಿಸಿದುದು. ಆದರೆ ಅದೇ ಶಂಕರರ ಬ್ರಹ್ಮಸೂತ್ರಭಾಷ್ಯದಲ್ಲಿ ಶೂದ್ರರಿಗೆ ವೇದಾಧ್ಯಯನದ ಮೂಲಕ ಬ್ರಹ್ಮವಿದ್ಯೆಯನ್ನು ಪಡೆಯುವ ಅಧಿಕಾರವಿಲ್ಲವೆಂಬ ನಿರ್ಣಯವೂ ಇದೆ. ವಿದುರ, ಧರ್ಮವ್ಯಾಧ ಮೊದಲಾದವರು ಜ್ಞಾನಿಗಳಾಗಿದ್ದರೆಂದೂ, ಇತಿಹಾಸ ಪುರಾಣಗಳ ಮೂಲಕ ನಾಲ್ಕು ವರ್ಣದವರಿಗೂ ಜ್ಞಾನವು ಲಭ್ಯವೆಂದೂ ಅಲ್ಲಿಯೇ ಒಪ್ಪಿಕೊಂಡಿದ್ದರೂ ವೇದದ ಬಾಗಿಲು ಮಾತ್ರ ಮುಚ್ಚಿಯೇ ಇತ್ತು. ಮಹಾಪುರುಷರನ್ನು ಗೌರವಿಸುವುದೆಂದರೆ ಇಂಥ ಸಂಗತಿಗಳನ್ನು ಮರೆಮಾಚುವುದಲ್ಲ. ವರ್ಣವು ಅಧ್ಯಾಸವೆಂಬ ಬೀಜವನ್ನು ಬಿತ್ತಿದವರು ಶಂಕರರು. ಅದನ್ನು ಸಮಾಜದ ನೆಲದಲ್ಲಿ ಬೆಳೆಸುವ ಕಾರ್ಯವು ಮುಂದಿನವರಿಗೆ ಉಳಿದುಕೊಂಡಿತು.

ಹತ್ತೊಂಬತ್ತನೆಯ ಶತಮಾನದ ಕೇರಳವು ಈ ಅಂತರವನ್ನು ಅತ್ಯಂತ ಕ್ರೂರವಾಗಿ ತೋರಿಸುತ್ತಿತ್ತು. ಅಲ್ಲಿ ಮುಟ್ಟಿದರೆ ಮಾತ್ರವಲ್ಲ, ಹತ್ತಿರ ಬಂದರೂ ಮೈಲಿಗೆಯೆಂಬ ನಿಯಮವಿತ್ತು. ಯಾವ ಜಾತಿಯವನು ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದಕ್ಕೆ ಲೆಕ್ಕವಿತ್ತು. ದೇವಾಲಯಗಳಿರಲಿ, ಅವುಗಳ ಸುತ್ತಲಿನ ದಾರಿಗಳೂ ಅನೇಕರಿಗೆ ನಿಷಿದ್ಧವಾಗಿದ್ದವು. ಅದ್ವೈತಾಚಾರ್ಯರು ಹುಟ್ಟಿದ ನಾಡಿನಲ್ಲಿಯೇ ಮನುಷ್ಯರ ನಡುವಿನ ದೂರವನ್ನು ಅಡಿಗಳಲ್ಲಿ ಅಳೆಯುತ್ತಿದ್ದರು! 1892ರಲ್ಲಿ ಬೆಂಗಳೂರು, ಮೈಸೂರುಗಳನ್ನು ಸಂದರ್ಶಿಸಿ ದಕ್ಷಿಣಾಭಿಮುಖವಾಗಿ ಕೇರಳವನ್ನು ಹಾದುಹೋದ ಸ್ವಾಮಿ ವಿವೇಕಾನಂದರು ಈ ಆಚಾರವನ್ನು ಕಣ್ಣಾರೆ ಕಂಡು ನೊಂದರು. ಮುಂದೆ ತಮ್ಮ ಭಾಷಣದಲ್ಲಿ ಅದನ್ನು ಬುದ್ಧಿವಿಕಲತೆಗೆ ಹೋಲಿಸಿ ಖಂಡಿಸಿದರು.

ವಿವೇಕಾನಂದರು 1893ರ ಚಿಕಾಗೋ ಸರ್ವಧರ್ಮ ಸಮ್ಮೇಳನದಿಂದ ವಿಶ್ವವಿಖ್ಯಾತರಾದರೆಂಬುದು ಎಲ್ಲರಿಗೂ ತಿಳಿದ ವಿಷಯ. ಅಷ್ಟೇ ಮಹತ್ವದ್ದು 1896ರಲ್ಲಿ ಅವರು ಲಂಡನ್ನಿನಲ್ಲಿ ‘ಆಚರಣೆಯ ವೇದಾಂತ’ವನ್ನು ಕುರಿತು ಮಾಡಿದ ಉಪನ್ಯಾಸಗಳ ಮಾಲೆ. ವೇದಾಂತವು ಕಾಡಿನ ಗುಹೆಗಳಲ್ಲಿ ಮಾತ್ರ ಉಳಿಯದೆ ನ್ಯಾಯಾಲಯಕ್ಕೂ, ಬಡವನ ಗುಡಿಸಲಿಗೂ, ಬೆಸ್ತನ ದೋಣಿಗೂ, ವಿದ್ಯಾರ್ಥಿಯ ಕೋಣೆಗೂ ಬರಬೇಕೆಂಬುದು ಅವರ ಬೋಧೆಯ ತಿರುಳು. ಒಂದೇ ಆತ್ಮವು ಎಲ್ಲರಲ್ಲಿಯೂ ಇದ್ದರೆ, ಹಸಿದವನಿಗೆ ಅನ್ನವಿಕ್ಕುವುದು ದಯೆಯಲ್ಲ, ಪೂಜೆ. ಈ ಭಾವನೆಯಿಂದಲೇ 1897ರಲ್ಲಿ ಅವರು ರಾಮಕೃಷ್ಣ ಮಿಷನ್ನನ್ನು ಸ್ಥಾಪಿಸಿದರು. ಮರುವರ್ಷ ಕಲ್ಕತ್ತೆಯಲ್ಲಿ ಪ್ಲೇಗಿನ ಭೀತಿ ತಲೆದೋರಿದಾಗ, ರೋಗಿಗಳ ಶುಶ್ರೂಷೆಗೆ ಹಣ ಸಾಲದಿದ್ದರೆ ಮಠಕ್ಕಾಗಿ ಆಗತಾನೆ ಕೊಂಡ ಭೂಮಿಯನ್ನೇ ಮಾರಲು ಅವರು ಸಿದ್ಧರಾದರು. ಅದ್ವೈತದ ಒರೆಗಲ್ಲು ವಾದಸಭೆಯಲ್ಲಿಲ್ಲ, ರೋಗಿಯ ಹಾಸಿಗೆಯ ಬಳಿಯಲ್ಲಿದೆ ಎಂಬುದನ್ನು ಈ ಒಂದು ನಿರ್ಧಾರವು ತೋರಿಸಿಕೊಟ್ಟಿತು.

ವಿವೇಕಾನಂದರು ಹೊರಗಿನಿಂದ ಬಂದು ಕಂಡ ನೋವನ್ನು ಒಳಗಿನಿಂದಲೇ ಅನುಭವಿಸಿದವರು ನಾರಾಯಣ ಗುರುಗಳು. ತಿರುವನಂತಪುರದ ಸಮೀಪದ ಚೆಂಪಳಂತಿಯಲ್ಲಿ, ದೇವಾಲಯಪ್ರವೇಶದ ಹಕ್ಕಿಲ್ಲದ ಈಳವರ ಮನೆಯಲ್ಲಿ ಹುಟ್ಟಿದ ಅವರು ಸಂಸ್ಕೃತವನ್ನು ಆಳವಾಗಿ ಅಭ್ಯಾಸಮಾಡಿದರು. ತಪಸ್ಸಿನಲ್ಲಿ ಕಾಲ ಕಳೆದರು. ‘ಆತ್ಮೋಪದೇಶ ಶತಕ’, ‘ದರ್ಶನಮಾಲಾ’ ಮೊದಲಾದ ಅದ್ವೈತ ಕೃತಿಗಳನ್ನು ರಚಿಸಿದರು. 1888ರ ಶಿವರಾತ್ರಿಯಂದು ಅರುವಿಪ್ಪುರಂ ಎಂಬಲ್ಲಿ ನೆಯ್ಯಾರ್ ನದಿಯಿಂದ ಒಂದು ಕಲ್ಲನ್ನು ಎತ್ತಿತಂದು ಶಿವಲಿಂಗವಾಗಿ ಪ್ರತಿಷ್ಠಾಪಿಸಿದರು. ಪ್ರತಿಷ್ಠಾಪನೆಯ ಅಧಿಕಾರವು ಅವರಿಗೆಲ್ಲಿಂದ ಬಂತೆಂದು ಆಕ್ಷೇಪಿಸಿದವರಿಗೆ, ತಾವು ಪ್ರತಿಷ್ಠಾಪಿಸಿದುದು ಈಳವರ ಶಿವನನ್ನು ಎಂದು ಅವರು ಉತ್ತರಿಸಿದರೆಂದು ಪ್ರತೀತಿ. ಎಲ್ಲವೂ ಒಂದೇ ಎಂದು ನಂಬಿದ ಜ್ಞಾನಿಯ ಬಾಯಲ್ಲಿ ಈ ಉತ್ತರವು ಎಷ್ಟು ಮೊನಚಾಗಿದೆ! ಶಿವನಿಗೂ ಜಾತಿಯುಂಟೆ ಎಂದು ಕೇಳುವವರೇ ಕೇಳಿಕೊಳ್ಳಬೇಕಾಯಿತು. ಜಾತಿಭೇದವಾಗಲಿ ಮತದ್ವೇಷವಾಗಲಿ ಇಲ್ಲದೆ ಎಲ್ಲರೂ ಸೋದರರಂತೆ ಬಾಳುವ ಮಾದರಿಯ ಸ್ಥಳವೇ ಇದು ಎಂಬ ಆಶಯವನ್ನು ಅಲ್ಲಿ ಬರೆಯಿಸಿದರು.

ಅವರ ಕಾರ್ಯವು ಕೇರಳಕ್ಕಷ್ಟೇ ಸೀಮಿತವಾಗಲಿಲ್ಲ. ಅಂಥದೇ ಅವಮಾನವನ್ನು ಅನುಭವಿಸುತ್ತಿದ್ದ ಮಂಗಳೂರಿನ ಬಿಲ್ಲವ ಬಂಧುಗಳ ಕೋರಿಕೆಯಂತೆ 1912ರಲ್ಲಿ ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರದಲ್ಲಿ ಅವರು ಶಿವನನ್ನು ಪ್ರತಿಷ್ಠಾಪಿಸಿದರು. ಮಂಗಳಕಾರ್ಯಗಳಿಂದ ದೂರವಿಡಲ್ಪಡುತ್ತಿದ್ದ ವಿಧವೆಯರನ್ನು 2013ರಲ್ಲಿ ಇದೇ ಕ್ಷೇತ್ರದಲ್ಲಿ ಅರ್ಚಕರನ್ನಾಗಿ ನೇಮಿಸಿದುದು ಅದೇ ದಾರಿಯ ಮುಂದಿನ ಹೆಜ್ಜೆಯೆನ್ನಬೇಕು. ದೇವಾಲಯಗಳ ಬಳಿಯಲ್ಲಿ ಶಾಲೆ, ಗ್ರಂಥಾಲಯ, ಹೂದೋಟಗಳಿರಬೇಕೆಂಬುದು ಗುರುಗಳ ಅಪೇಕ್ಷೆಯಾಗಿತ್ತು. ವೈಕ್ಕಂ ದೇವಾಲಯದ ಸುತ್ತಲಿನ ದಾರಿಗಳಲ್ಲಿ ಎಲ್ಲರಿಗೂ ನಡೆದಾಡುವ ಹಕ್ಕು ಬೇಕೆಂದು 1924ರಲ್ಲಿ ಸತ್ಯಾಗ್ರಹವು ಆರಂಭವಾದಾಗ ತಮ್ಮ ಆಶ್ರಮವನ್ನು ಸತ್ಯಾಗ್ರಹಿಗಳಿಗೆ ಬಿಟ್ಟುಕೊಟ್ಟರು. ಮರುವರ್ಷ ಗಾಂಧೀಜಿಯವರು ಶಿವಗಿರಿಗೆ ಬಂದು ಗುರುಗಳನ್ನು ಕಂಡರು. ಆಗ ನಡೆದ ಸಂಭಾಷಣೆಯ ಕಥೆಯೊಂದು ಜನಜನಿತವಾಗಿದೆ. ಎದುರಿಗಿದ್ದ ಮಾವಿನ ಮರವನ್ನು ತೋರಿಸಿ, ಅದರ ಎಲೆಗಳು ಒಂದರಂತೆ ಇನ್ನೊಂದಿಲ್ಲ, ಮನುಷ್ಯರಲ್ಲಿಯೂ ಹಾಗೆಯೇ ಭೇದವಿದೆಯೆಂದು ಗಾಂಧೀಜಿಯವರು ಹೇಳಿದರಂತೆ. ಎಲೆಗಳ ಆಕಾರ ಬೇರೆಯಾದರೂ ಅಗಿದು ನೋಡಿದರೆ ರಸವೆಲ್ಲ ಒಂದೇ ಎಂದು ಗುರುಗಳು ಉತ್ತರಿಸಿದರಂತೆ. ಉದ್ದಾಲಕನ ಉಪ್ಪುನೀರೂ ನಾರಾಯಣ ಗುರುಗಳ ಮಾವಿನೆಲೆಯೂ ಹೇಳುವುದು ಒಂದೇ ಪಾಠವನ್ನು: ಕಣ್ಣು ಭೇದವನ್ನು ಕಾಣುತ್ತದೆ, ರುಚಿಯನ್ನು ಅರಿತವನು ಏಕತೆಯನ್ನು ಅರಿಯುತ್ತಾನೆ. 1936ರಲ್ಲಿ ತಿರುವಾಂಕೂರು ಸಂಸ್ಥಾನವು ತನ್ನ ದೇವಾಲಯಗಳನ್ನು ಎಲ್ಲ ಹಿಂದೂಗಳಿಗೂ ತೆರೆಯಿತು. ಅದನ್ನು ನೋಡಲು ಗುರುಗಳು ಇರಲಿಲ್ಲ. 1928ರಲ್ಲಿಯೇ ಅವರು ಸಮಾಧಿಸ್ಥರಾಗಿದ್ದರು.

ಈ ಇತಿಹಾಸದಿಂದ ಮೊದಲ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಕಾಲಡಿಯಿಂದ ಆಲುವಾಕ್ಕೆ ತಲುಪಲು ತತ್ತ್ವಕ್ಕೆ ಅಷ್ಟು ಕಾಲ ಹಿಡಿದುದು ತತ್ತ್ವದ ಕೊರತೆಯಿಂದಲ್ಲ. ಅದನ್ನು ಅರಿತವರು ಅದರಂತೆ ನಡೆಯಲು ಹಿಂಜರಿದುದರಿಂದ. ಈ ಹಿಂಜರಿಕೆಯು ಇಂದಿಗೂ ಮುಗಿದಿಲ್ಲ. 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ಕಾಯಿದೆಯು ಕೈಯನ್ನು ತಡೆಯಬಲ್ಲುದು. ಮನಸ್ಸಿನೊಳಗಿನ ತಾತ್ಸಾರವನ್ನು ತೊಳೆಯಲು ಅದಕ್ಕೆ ಸಾಧ್ಯವಿಲ್ಲ. ಎದುರಿಗಿರುವವನು ಬೇರೆಯವನಲ್ಲ ಎಂಬ ಅರಿವು ಮಾತ್ರ ಆ ಕೆಲಸವನ್ನು ಮಾಡಬಲ್ಲುದು. ಸಮಾನತೆಯನ್ನು ಕಾಯಿದೆಯು ಹೊರಗಿನಿಂದ ಕಾಯುತ್ತದೆ, ಅದ್ವೈತವು ಒಳಗಿನಿಂದ ಬೆಳೆಸುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು, ಎರಡೂ ಬೇಕು.

ಇಂದಿನ ಮನುಷ್ಯನನ್ನು ಕಾಡುವ ಇನ್ನೊಂದು ಪಿಡುಗು ಭಯ. ಪರೀಕ್ಷೆಯಲ್ಲಿ ಹಿಂದೆ ಬೀಳುವ ಭಯ, ಉದ್ಯೋಗ ಸಿಕ್ಕದ ಭಯ, ನೆರೆಯವನು ಮುಂದೆ ಹೋದಾನೆಂಬ ಭಯ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಒಂಟಿಯಾಗಿದ್ದ ಪ್ರಜಾಪತಿಯು ಮೊದಲು ಅಂಜಿದನೆಂದೂ, ತನ್ನ ಹೊರತು ಇನ್ನೊಬ್ಬನಿಲ್ಲದಿರುವಾಗ ಅಂಜುವುದು ಯಾರಿಗೆಂದು ಯೋಚಿಸಿದೊಡನೆ ಅವನ ಅಂಜಿಕೆ ಅಳಿಯಿತೆಂದೂ ಹೇಳಿದೆ. ಭಯದ ಮೂಲ ‘ಎರಡನೆಯವನು’. ನೆರೆಯವನನ್ನು ಪ್ರತಿಸ್ಪರ್ಧಿಯೆಂದೇ ಕಾಣುವವನಿಗೆ ಅವನ ಏಳಿಗೆಯು ತನ್ನ ಸೋಲಾಗಿ ತೋರುತ್ತದೆ. ಗೆಳೆಯನ ಗೆಲವಿನಲ್ಲಿ ತಾನೂ ಗೆದ್ದೆನೆಂದು ಹಿಗ್ಗಬಲ್ಲವನಿಗೆ ಅಸೂಯೆಯಿಲ್ಲ, ಆತಂಕವೂ ಇಲ್ಲ. ಇದು ಸಂನ್ಯಾಸಿಗಳಿಗೆ ಮಾತ್ರ ಸಾಧ್ಯವಾದ ಸ್ಥಿತಿಯೇನಲ್ಲ. ಮಗುವಿನ ಜ್ವರದಲ್ಲಿ ನಿದ್ದೆಗೆಡುವ ತಾಯಿಯು ತನ್ನ ಮಗುವಿನ ಮಟ್ಟಿಗೆ ಅದ್ವೈತಿಯೇ ಆಗಿರುತ್ತಾಳೆ. ಆ ವೃತ್ತವನ್ನು ಹಿರಿದುಮಾಡುತ್ತ ಹೋಗುವುದೇ ಸಾಧನೆ. ಅದು ಮನುಷ್ಯರಲ್ಲಿಯೇ ನಿಲ್ಲಬೇಕಾಗಿಲ್ಲ. ಕಾಡು, ನದಿ, ಪ್ರಾಣಿಪಕ್ಷಿಗಳು ತನ್ನ ಬಾಳಿನಿಂದ ಹೊರತಾದವುಗಳಲ್ಲವೆಂದು ಬಗೆದವನು ಅವುಗಳನ್ನು ಬರಿಯ ಸರಕೆಂದು ಸೂರೆಮಾಡಲಾರನು.

ವಿಜ್ಞಾನವು ಅದ್ವೈತವನ್ನು ಪ್ರಮಾಣೀಕರಿಸಿದೆಯೆಂದು ಕೆಲವರು ಉತ್ಸಾಹದಿಂದ ಹೇಳುವುದುಂಟು. ಭೌತವಿಜ್ಞಾನಿ ಅರ್ವಿನ್ ಶ್ರೋಡಿಂಗರ್ 1944ರಲ್ಲಿ ಪ್ರಕಟವಾದ ತಮ್ಮ ‘ಜೀವವೆಂದರೇನು?’ ಎಂಬ ಪುಸ್ತಕದ ಕೊನೆಯಲ್ಲಿ ಉಪನಿಷತ್ತುಗಳ ಆತ್ಮ–ಬ್ರಹ್ಮಗಳ ಏಕತೆಯನ್ನು ಗೌರವದಿಂದ ನೆನೆದಿರುವುದು ನಿಜ. ಆದರೆ ಅದು ಪ್ರಯೋಗಶಾಲೆಯ ಫಲಿತಾಂಶವಲ್ಲ, ಚಿಂತಕರೊಬ್ಬರ ಒಲವು. ವಿಜ್ಞಾನವು ಅಳೆಯಬಹುದಾದುದನ್ನು ಅಳೆಯುತ್ತದೆ; ಅದ್ವೈತವು ಅಳೆಯುವವನು ಯಾರೆಂದು ಕೇಳುತ್ತದೆ. ಒಂದರ ಮುದ್ರೆಯನ್ನು ಇನ್ನೊಂದರ ಮೇಲೆ ಒತ್ತಿದರೆ ಎರಡಕ್ಕೂ ನ್ಯಾಯ ದೊರೆಯುವುದಿಲ್ಲ.

ಅದ್ವೈತವೊಂದೇ ನಮ್ಮ ನಾಡಿನ ದರ್ಶನವಲ್ಲವೆಂಬುದನ್ನೂ ನೆನೆಯಬೇಕು. ಜೀವ ಮತ್ತು ಈಶ್ವರರ ಸಂಬಂಧವನ್ನು ರಾಮಾನುಜರು ಬೇರೊಂದು ಬಗೆಯಲ್ಲಿ ವಿವರಿಸಿದರು; ಮಧ್ವರು ಅವರಿಬ್ಬರ ನಡುವಿನ ಭೇದವು ಸತ್ಯವೇ ಎಂದು ಪ್ರತಿಪಾದಿಸಿದರು. ಇಬ್ಬರಿಲ್ಲದೆ ಭಕ್ತಿಯೆಲ್ಲಿ, ಪ್ರೀತಿಯೆಲ್ಲಿ ಎಂಬ ಪ್ರಶ್ನೆಯು ಅಲ್ಲಗಳೆಯುವಂಥದಲ್ಲ. ಏಕತೆಯ ಹೆಸರಿನಲ್ಲಿ ಎಲ್ಲರೂ ಒಂದೇ ರೀತಿಯಲ್ಲಿ ಉಣ್ಣಬೇಕು, ಉಡಬೇಕು, ಪೂಜಿಸಬೇಕು ಎಂದು ಹಟಹಿಡಿಯುವುದು ಅದ್ವೈತವಲ್ಲ. ಎಲೆಗಳನ್ನೆಲ್ಲ ಒಂದೇ ಅಳತೆಗೆ ಕತ್ತರಿಸುವ ಮೌಢ್ಯ. ನಾರಾಯಣ ಗುರುಗಳು 1924ರಲ್ಲಿ ಆಲುವಾದ ಅದ್ವೈತಾಶ್ರಮದಲ್ಲಿ ಸರ್ವಮತ ಸಮ್ಮೇಳನವನ್ನು ಕರೆದರು. 1921ರಲ್ಲಿ ಮಲಬಾರಿನಲ್ಲಿ ನಡೆದ ರಕ್ತಪಾತದ ನೆನಪು ಆಗಿನ್ನೂ ಹಸಿಯಾಗಿತ್ತು. ವಾದಿಸಿ ಗೆಲ್ಲುವುದಕ್ಕಾಗಿ ಅಲ್ಲ, ಅರಿಯುವುದಕ್ಕಾಗಿ ಮತ್ತು ಅರಿವನ್ನು ಹಂಚುವುದಕ್ಕಾಗಿ ಈ ಸಭೆಯೆಂದು ಅವರು ಸ್ಪಷ್ಟಪಡಿಸಿದರು. ಅನ್ಯಮತದವನು ಹೇಳುವುದನ್ನು ಕುಳಿತು ಕೇಳುವ ತಾಳ್ಮೆಯೇ ಅದ್ವೈತದ ಮೊದಲ ಪಾಠವೆಂಬುದನ್ನು ಆ ಸಮ್ಮೇಳನವು ತೋರಿಸಿತು.

ನಾರಾಯಣ ಗುರುಗಳು ಸಮಾಧಿಸ್ಥರಾಗುವುದಕ್ಕೆ ಒಂದು ವರ್ಷ ಮೊದಲು, 1927ರಲ್ಲಿ, ಚೇರ್ತಲದ ಸಮೀಪದ ಕಳವಂಕೋಡಿನ ದೇವಾಲಯದಲ್ಲಿ ಪ್ರತಿಷ್ಠಾಪನೆಯನ್ನು ನೆರವೇರಿಸಿದರು. ಅಲ್ಲಿ ಅವರು ಇರಿಸಿದುದು ದೇವತಾಮೂರ್ತಿಯನ್ನಲ್ಲ, ಒಂದು ಕನ್ನಡಿಯನ್ನು. ಅದರ ಎದುರಿಗೆ ಕೈಮುಗಿದು ನಿಂತವನಿಗೆ ಕಾಣುವುದು ಅವನದೇ ಮುಖ. ಶ್ರೀಮಂತನು ಬಂದರೆ ಶ್ರೀಮಂತನ ಮುಖ. ದಿಕ್ಕಿಲ್ಲದವನು ಬಂದರೆ ಅವನ ಮುಖ. ಕನ್ನಡಿಯು ಯಾರನ್ನೂ ದೂರ ಸರಿಯೆನ್ನುವುದಿಲ್ಲ. ಅದರಲ್ಲಿ ತನ್ನನ್ನು ಕಂಡು ಕೈಮುಗಿದವನು ಹೊರಗೆ ಬಂದು ಬೀದಿಯಲ್ಲಿ ಎದುರಾದವನನ್ನು ಹೇಗೆ ನೋಡುತ್ತಾನೆ? ಅದ್ವೈತವು ಅವನಿಗೆ ಅರ್ಥವಾಯಿತೋ ಇಲ್ಲವೋ ಎಂಬುದು ತಿಳಿಯುವುದು ಅಲ್ಲಿಯೇ.